ಬಡಾವಣೆಗೆಲ್ಲ ಒಂದೇ ತಂಪು

ಮನೆಗೊಂದು ಕೆರೆಯನ್ನು ಯಾರೂ ತೋಡಿಸರು. ತಂಪಿಗೆ ಮಾತ್ರ ಕಟ್ಟಡಕ್ಕೊಂದು ಯಂತ್ರ! ಒಂದೇ ಕೇಂದ್ರದಲ್ಲಿ ನೀರನ್ನು ತಣಿಸಿ, ಕೊಳವೆಗಳ ಮೂಲಕ ಅನೇಕ ಕಟ್ಟಡಗಳಿಗೆ ಹರಿಸುವ ಏರ್ಪಾಡು ಗುಜರಾತಿನ ಗಿಫ್ಟ್ ಸಿಟಿಯಲ್ಲಿದೆ. ಭಾರತ ಸರಕಾರದ 2019ರ ಶೀತಲೀಕರಣ ಕಾರ್ಯಯೋಜನೆಯ ಗುರಿ, 2037-38ರೊಳಗೆ ತಂಪಿನ ಬೇಡಿಕೆಯನ್ನು ನೂರಕ್ಕೆ 20ರಿಂದ 25ರಷ್ಟು ತಗ್ಗಿಸುವುದು.

ನಮ್ಮ ರಾಜಾಜಿನಗರಕ್ಕೆ ಈ ಏರ್ಪಾಡು ಹೊಂದೀತೆ? ಒರಾಯನ್ ಮಾಲಿನ ಮಗ್ಗುಲಲ್ಲೇ ಹೋಟೆಲೂ ಕಚೇರಿಗಳೂ ಇವೆಯಷ್ಟೆ. ಕಚೇರಿಗೆ ತಂಪು ಬೇಕಾದದ್ದು ಹಗಲು, ಹೋಟೆಲಿನ ಕೋಣೆಗೆ ಇರುಳು. ಇಂಥ ಕಡೆ ಕೇಂದ್ರದ ಯಂತ್ರ ಎಲ್ಲರ ಯಂತ್ರಗಳ ಮೊತ್ತಕ್ಕಿಂತ ಚಿಕ್ಕದಾದರೂ ನಡೆಯುತ್ತದೆ. ಕಷ್ಟವಿರುವುದು ಒಡಂಬಡಿಕೆಯಲ್ಲಿ: ಗಿರಾಕಿ ಖಚಿತವಾಗದೆ ಬಂಡವಾಳಗಾರ ಕೊಳವೆ ಹೂಳನು, ಕೊಳವೆ ಕಾಣದೆ ಕಟ್ಟಡದವನು ಸ್ವಂತ ಯಂತ್ರದ ಯೋಚನೆ ಬಿಡನು. ನನಗೆ ತೋರುವಂತೆ, ಹೊಸ ಕಟ್ಟಡಗಳ ನಕ್ಷೆ ಮಂಜೂರಾಗುವಾಗಲೇ ನಗರಾಡಳಿತವು ಇಬ್ಬರನ್ನೂ ಕೂಡಿಸಬೇಕು. ಕೆಂಗೇರಿಯ ಕಡೆ ಅದಕ್ಕೆ ಇನ್ನೂ ಅವಕಾಶವಿದೆ.