ನೌಕರನ ವಿಮಾನ, ಧಣಿಯ ಹೊಣೆ

ಸ್ವಂತಕ್ಕೆ ಒಂದೂ ವಿಮಾನವಿಲ್ಲದ ಕಂಪನಿಗಳು ಅಮೆರಿಕದಲ್ಲಿ ವಿಮಾನದ ವಿಮೆ ಮಾಡಿಸುತ್ತವೆ. ಕಾರಣ ಅವುಗಳ ನೌಕರರು. ಖಾಸಗಿ ಪೈಲಟ್ ಲೈಸೆನ್ಸ್ ಇರುವವರು ತಮ್ಮದೋ ಬಾಡಿಗೆಯದೋ ಸೆಸ್ನಾದಂಥ ಪುಟ್ಟ ವಿಮಾನವನ್ನು ತಾವೇ ಹಾರಿಸಿಕೊಂಡು ಕಚೇರಿ ಕೆಲಸಕ್ಕೆ ಬೇರೆ ಊರಿಗೆ ಹೋಗುವುದುಂಟು. ಅಲ್ಲಿನ ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. ಹಾರಾಟವೇ ಅವರ ಉದ್ಯೋಗವಾಗಿರಬಾರದು, ಅಷ್ಟೆ. ಆದರೆ ಆ ವಿಮಾನ ಯಾರದೋ ಮನೆಯ ಮೇಲೆ ಬಿದ್ದರೆ?

ಉತ್ತರದ ಬೇರು ವಿಮಾನಕ್ಕಿಂತ ಹಳೆಯದು. ಲಂಡನ್ನಿನ ಬಿಷಪ್ಸ್‌ಗೇಟ್ ಬೀದಿ ದಾಟುತ್ತಿದ್ದ ಒಬ್ಬನಿಗೆ ಕುದುರೆಗಾಡಿ ಗುದ್ದಿ ಕಾಲು ಮುರಿಯಿತು. ಗಾಡಿಯಲ್ಲಿದ್ದವರು ಆಳುಗಳು. ಗಾಡಿ ಆ ಬೀದಿಗೆ ಹೋಗಬೇಕಾದ ಕೆಲಸವೇ ಇರಲಿಲ್ಲವೆಂದು ಧಣಿಯ ವಾದ. 1834ರಲ್ಲಿ ನ್ಯಾಯಾಧೀಶ ಪಾರ್ಕ್ ಒಂದು ಗೆರೆ ಎಳೆದರು: ಧಣಿಯ ಕೆಲಸದ ಮೇಲಿದ್ದ ಆಳು ದಾರಿಯಲ್ಲಿ ಅತ್ತಿತ್ತ ಹೊರಳಿದರೂ ಹೊಣೆ ಧಣಿಯದೇ, ಪೂರ್ತಿ ತನ್ನ ಸ್ವಂತ ಖುಷಿಗೆ ಹೋಗಿದ್ದರೆ ಮಾತ್ರ ಅಲ್ಲ. ಗಾಯಾಳುವಿಗೆ 30 ಪೌಂಡ್ ಸಿಕ್ಕಿತು. ಗಾಡಿಗೆ ಹಾಕಿದ ಆ ಗೆರೆಯೇ ಲಾರಿಗೆ, ಕಾರಿಗೆ, ಕೊನೆಗೆ ವಿಮಾನಕ್ಕೂ ಬಂತು.

ವಿಮೆ ಮಾತ್ರ ಅಷ್ಟು ಸುಲಭವಾಗಿ ಹಿಂದೆ ಬರಲಿಲ್ಲ. ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್‌ನಲ್ಲಿ 1911ರಲ್ಲಿ ಆರಂಭವಾದ ವಿಮಾನ ವಿಮೆ, ಮರುವರ್ಷವೇ ಸಾಲು ಅಪಘಾತಗಳಿಂದ ನಿಂತುಹೋಯಿತು. ಆಕಾಶದ ಅಪಾಯವನ್ನು ಬೇರೆಯಾಗಿಯೇ ಇಡುವ ಅಭ್ಯಾಸ ಇಂದಿಗೂ ಇದೆ. ಅಮೆರಿಕದ ಕಂಪನಿಗಳ ಸಾಮಾನ್ಯ ಹೊಣೆ ಪಾಲಿಸಿ ವಿಮಾನವನ್ನು ಹೊರಗಿಡುತ್ತದೆ. ಅದೇ ಷರತ್ತಿನಲ್ಲಿ 26 ಅಡಿಗಿಂತ ಚಿಕ್ಕದಾದ, ಕಂಪನಿಯದಲ್ಲದ ದೋಣಿಗೆ ರಿಯಾಯಿತಿ ಇದೆ. ವಿಮಾನಕ್ಕೆ ಅಂಥ ರಿಯಾಯಿತಿ ಇಲ್ಲ.

ಹಾಗಿದ್ದರೆ ನೌಕರನ ಸ್ವಂತ ಪಾಲಿಸಿ? ಸಣ್ಣ ವಿಮಾನಗಳಿಗೆ ಸಾಮಾನ್ಯವಾಗಿ ಸಿಗುವುದು ಒಂದು ಅಪಘಾತಕ್ಕೆ 10 ಲಕ್ಷ ಡಾಲರ್ ರಕ್ಷಣೆ. ಅದರೊಳಗೂ ಪ್ರತಿ ಪ್ರಯಾಣಿಕನಿಗೆ 1 ಲಕ್ಷದ ಮಿತಿ. ಜೊತೆಗೆ ಒಬ್ಬ ಸಹೋದ್ಯೋಗಿಯನ್ನೋ ಗ್ರಾಹಕನನ್ನೋ ಕೂರಿಸಿಕೊಂಡಿದ್ದರೆ ಅದು ಯಾವ ಮೂಲೆಗೂ ಸಾಲದು. ಈ ಕಂದಕ ತುಂಬಲು ಬಂದದ್ದೇ 'ನಾನ್-ಓನ್ಡ್', ಅಂದರೆ ಕಂಪನಿಯದಲ್ಲದ ವಿಮಾನದ ಹೊಣೆ ವಿಮೆ.

ಇಲ್ಲೊಂದು ಕ್ರೂರ ತಿರುವಿದೆ. ಈ ವಿಮೆ ಕಾಯುವುದು ಮುಖ್ಯವಾಗಿ ಕಂಪನಿಯನ್ನು; ಹಾರಿಸಿದವನು ಅದರ ಆಶ್ರಯದಲ್ಲಿ ಇಲ್ಲದೆಯೂ ಇರಬಹುದು. 1957ರಲ್ಲಿ ಬ್ರಿಟನ್ನಿನಲ್ಲಿ ಲಿಸ್ಟರ್ ಎಂಬ ಲಾರಿ ಚಾಲಕನ ಪ್ರಕರಣ ಅಂಥವನ ಗತಿ ಏನಾಗಬಹುದೆಂದು ತೋರಿಸಿತ್ತು. ಅವನು ಹಿಂದಕ್ಕೆ ತೆಗೆದ ಲಾರಿ ಬಡಿದು ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಅವನ ತಂದೆ ಗಾಯಗೊಂಡ. ಪರಿಹಾರ ಕೊಟ್ಟ ವಿಮಾ ಕಂಪನಿ ಧಣಿಯ ಹೆಸರಿನಲ್ಲಿ ಆ ಮಗನ ಮೇಲೇ ವಸೂಲಿಗೆ ಹೋಯಿತು, ಗೆದ್ದಿತು ಕೂಡ. ಅಲ್ಲಿನ ವಿಮಾ ಕಂಪನಿಗಳು ಮುಂದೆ ಅಂಥ ಮೊಕದ್ದಮೆ ಹೂಡುವುದಿಲ್ಲವೆಂದು ತಮ್ಮೊಳಗೇ ಒಪ್ಪಂದ ಮಾಡಿಕೊಂಡವು. ಆ ತೀರ್ಪು ಕಾನೂನಿಗೆ ಸರಿಯಿರಬಹುದು, ನನಗಂತೂ ಅದು ಅನ್ಯಾಯವೇ. ಕಂಪನಿಯ ಕೆಲಸಕ್ಕೆ ಹೊರಟವನ ಮನೆಮಂದಿ ಕಂಪನಿಯ ವಿಮೆದಾರನಿಗೆ ಸಾಲಗಾರರಾಗಬಾರದು.

ಅಮೆರಿಕದಲ್ಲಿದ್ದು ಪೈಲಟ್ ಲೈಸೆನ್ಸ್ ಪಡೆದಿರುವ ಕನ್ನಡಿಗರೇ, ಕಚೇರಿ ಕೆಲಸಕ್ಕೆ ಹಾರುವ ಮೊದಲು ಕಂಪನಿಯ ಲಿಖಿತ ಒಪ್ಪಿಗೆ ಪಡೆಯಿರಿ. ಅವರ ಪಾಲಿಸಿಯಲ್ಲಿ ನಿಮ್ಮ ಹೆಸರಿದೆಯೇ, ನಿಮ್ಮಿಂದ ವಸೂಲಿ ಮಾಡುವುದಿಲ್ಲವೆಂಬ ಷರತ್ತಿದೆಯೇ ಎಂದು ಓದಿ ನೋಡಿ. ಎರಡೂ ಇಲ್ಲದಿದ್ದರೆ ಟಿಕೆಟ್ ಕೊಂಡು ಹೋಗಿ.