ಯೋಗ್ಯತೆಯ ನಿವೇದನೆ

ವಿದ್ಯಾಭ್ಯಾಸವು ಮುಗಿದ ಬಳಿಕ ಹೆಚ್ಚಿನವರು ಉದ್ಯೋಗವನ್ನು ಅರಸಬೇಕಾಗುತ್ತದೆ. ಆಗ ತಮ್ಮ ಯೋಗ್ಯತೆಯನ್ನು ಪರರಿಗೆ ತಿಳಿಸುವ ಸಂದರ್ಭ ಒದಗುತ್ತದೆ. ಈ ಕಾರ್ಯದಲ್ಲಿ ಎಡವುವವರು ಅನೇಕರು. ಕೆಲವರು ಸಂಕೋಚದಿಂದ ಎಲೆಮರೆಯ ಕಾಯಿಯಂತೆ ಉಳಿದುಬಿಡುತ್ತಾರೆ; ಕೆಲವರು ಇಲ್ಲದ ಗುಣಗಳನ್ನು ಹೇಳಿಕೊಂಡು ನಗೆಪಾಟಲಿಗೆ ಈಡಾಗುತ್ತಾರೆ; ಮತ್ತೆ ಕೆಲವರು ತಮ್ಮ ಕಷ್ಟಗಳನ್ನು ತೋಡಿಕೊಂಡು ಕರುಣೆಯನ್ನು ಬೇಡುತ್ತಾರೆ. ಆದರೆ ಉದ್ಯೋಗವು ಭಿಕ್ಷೆಯಲ್ಲ. ಅದನ್ನು ಕೊಡುವವನಿಗೂ ಒಂದು ಅಗತ್ಯವಿರುತ್ತದೆ. ಆ ಅಗತ್ಯವನ್ನು ತಾನು ಹೇಗೆ ಪೂರೈಸಬಲ್ಲೆನೆಂಬುದನ್ನು ಆಧಾರಸಹಿತವಾಗಿ ತಿಳಿಸುವುದೇ ಯೋಗ್ಯತೆಯ ನಿವೇದನೆ. ಇತಿಹಾಸದ ಎರಡು ಪ್ರಸಂಗಗಳು ಇದನ್ನು ಸ್ಪಷ್ಟಪಡಿಸುತ್ತವೆ.

ಇಟಲಿಯ ಲಿಯೊನಾರ್ಡೊ ಡ ವಿಂಚಿಯನ್ನು ಲೋಕವು ಮಹಾ ಚಿತ್ರಕಾರನೆಂದು ಬಲ್ಲದು. ಸುಮಾರು 1482ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಅವನು ಮಿಲಾನಿನ ಅಧಿಪತಿಯಾದ ಲುಡೊವಿಕೊ ಸ್ಫೋರ್ಜಾನನ್ನು ಉದ್ದೇಶಿಸಿ ಒಂದು ಪತ್ರವನ್ನು ಸಿದ್ಧಪಡಿಸಿದನು. ಆಗ ಇಟಲಿಯ ಸಣ್ಣಪುಟ್ಟ ರಾಜ್ಯಗಳ ನಡುವೆ ಯುದ್ಧದ ಭೀತಿ ತಪ್ಪಿರಲಿಲ್ಲ. ಆದುದರಿಂದ ಲಿಯೊನಾರ್ಡೊ ಮೊದಲು ಯುದ್ಧೋಪಯೋಗಿಯಾದ ವಿದ್ಯೆಗಳನ್ನೇ ಒಂದೊಂದಾಗಿ ಎಣಿಸಿದನು: ಹೊತ್ತೊಯ್ಯಬಲ್ಲ ಹಗುರವಾದ ಸೇತುವೆಗಳು, ಕಂದಕದ ನೀರನ್ನು ಬಸಿಯುವ ಉಪಾಯ, ಫಿರಂಗಿಗಳು, ಮುಚ್ಚಿದ ರಥಗಳು. ಶಾಂತಿಕಾಲದಲ್ಲಿ ಕಟ್ಟಡಗಳನ್ನು ಕಟ್ಟಬಲ್ಲೆನೆಂದೂ ನೀರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹರಿಸಬಲ್ಲೆನೆಂದೂ ಅನಂತರ ತಿಳಿಸಿದನು. ಶಿಲ್ಪ ಮತ್ತು ಚಿತ್ರಕಲೆಗಳ ಮಾತು ಬಂದದ್ದು ಕೊನೆಯಲ್ಲಿ. ಇವುಗಳಲ್ಲಿ ಯಾವುದಾದರೂ ಅಸಾಧ್ಯವೆಂದು ತೋರಿದರೆ ಪ್ರಯೋಗ ಮಾಡಿ ತೋರಿಸಲು ತಾನು ಸಿದ್ಧನೆಂದೂ ಬರೆದನು. ಈ ಪತ್ರದ ಕರಡು ಮಿಲಾನಿನ ಆಂಬ್ರೋಸಿಯನ್ ಗ್ರಂಥಾಲಯದಲ್ಲಿ ಇಂದಿಗೂ ಇದೆ. ತನಗೆ ಯಾವುದು ಪ್ರಿಯವೆಂಬುದಕ್ಕಿಂತ ಎದುರಿನವನಿಗೆ ಯಾವುದು ಬೇಕೆಂಬುದನ್ನು ಅರಿತು ಬರೆದುದೇ ಇದರ ವೈಶಿಷ್ಟ್ಯ.

ಲಿಯೊನಾರ್ಡೊ ತನ್ನ ಸಾಮರ್ಥ್ಯವನ್ನು ಮಾತಿನಲ್ಲಿ ವಿವರಿಸಿದನು. ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ತಾನು ಮಾಡಿದ ಕೆಲಸವನ್ನೇ ಮುಂದಿಟ್ಟನು. 1791ರಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಫ್ಯಾರಡೆಗೆ ಶಾಲೆಯ ಶಿಕ್ಷಣ ದೊರೆತದ್ದು ಅತ್ಯಲ್ಪ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಲಂಡನ್ನಿನ ಪುಸ್ತಕದ ಅಂಗಡಿಯೊಂದರಲ್ಲಿ ರಟ್ಟು ಕಟ್ಟುವ ಕೆಲಸವನ್ನು ಕಲಿಯಲು ಸೇರಿದನು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಿ ವಿಜ್ಞಾನದಲ್ಲಿ ಆಸಕ್ತನಾದನು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನ ಕೃಪೆಯಿಂದ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಅವನಿಗೆ ಲಭಿಸಿತು.

ವಿಜ್ಞಾನದ ಸೇವೆಗೆ ಸೇರಬೇಕೆಂಬ ಹಂಬಲದಿಂದ ಫ್ಯಾರಡೆ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಪತ್ರ ಬರೆದನು. ಅದಕ್ಕೆ ಉತ್ತರವೇ ದೊರೆಯಲಿಲ್ಲ. ಆದರೂ ಅವನು ಧೃತಿಗೆಡಲಿಲ್ಲ. ತಾನು ಕೇಳಿದ ಉಪನ್ಯಾಸಗಳ ಸಾರವನ್ನು ಅಂದವಾದ ಅಕ್ಷರಗಳಲ್ಲಿ ಬರೆದು, ಉಪಕರಣಗಳ ಚಿತ್ರಗಳನ್ನು ರಚಿಸಿ, ತಾನೇ ರಟ್ಟು ಕಟ್ಟಿ, ಆ ಸಂಪುಟವನ್ನು ಒಂದು ಪತ್ರದೊಡನೆ ಡೇವಿಗೆ ಕಳುಹಿಸಿದನು. ಅವನ ಏಕಾಗ್ರತೆ, ಗ್ರಹಣಶಕ್ತಿ, ಕೈಚಳಕ, ಶಿಸ್ತು ಎಲ್ಲಕ್ಕೂ ಆ ಪುಸ್ತಕವೇ ಸಾಕ್ಷಿಯಾಗಿತ್ತು. ಡೇವಿ ಅವನನ್ನು ಕರೆಸಿ ಮಾತನಾಡಿದನು. ಆದರೆ ಆಗ ಯಾವ ಹುದ್ದೆಯೂ ಖಾಲಿ ಇರಲಿಲ್ಲ. ಕೆಲವೇ ವಾರಗಳಲ್ಲಿ ಪ್ರಯೋಗಶಾಲೆಯ ಸಹಾಯಕನ ಸ್ಥಾನ ತೆರವಾದಾಗ ಡೇವಿಗೆ ಈ ತರುಣನ ನೆನಪಾಯಿತು. 1813ರ ಮಾರ್ಚ್ 1ರಂದು ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ನೇಮಕಗೊಂಡನು. ಅದೇ ಸಂಸ್ಥೆಯಲ್ಲಿ 1831ರಲ್ಲಿ ಅವನು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದನು. ವಿದ್ಯುಜ್ಜನಕಗಳು ಕೆಲಸಮಾಡುವುದು ಈ ತತ್ತ್ವದ ಮೇಲೆಯೇ.

ಉದ್ಯೋಗಾರ್ಥಿಯು ಇವುಗಳಿಂದ ತಿಳಿಯತಕ್ಕ ಅಂಶಗಳು ಹಲವು. ಮೊದಲು, ಆ ಹುದ್ದೆಗೆ ಬೇಕಾದ ಗುಣಗಳಾವುವೆಂದು ವಿಚಾರಿಸಬೇಕು. ತನ್ನಲ್ಲಿರುವ ಗುಣಗಳಲ್ಲಿ ಅದಕ್ಕೆ ಹೊಂದುವುವನ್ನು ಮುಂದಿಡಬೇಕು. “ನಾನು ಪರಿಶ್ರಮಿ” ಎಂದು ಹೇಳಿದರೆ ಸಾಲದು. ಪರಿಶ್ರಮದಿಂದ ಸಾಧಿಸಿದ ಒಂದು ಕೆಲಸವನ್ನಾದರೂ ತೋರಿಸಬೇಕು. ಸುಳ್ಳನ್ನು ಸೇರಿಸಬಾರದು, ಏಕೆಂದರೆ ಕೆಲಸಕ್ಕೆ ಕೈಹಚ್ಚಿದೊಡನೆ ಅದು ಬಯಲಾಗುತ್ತದೆ. ಒಮ್ಮೆ ನಿರಾಕರಣೆ ಬಂದಿತೆಂದು ತನ್ನನ್ನು ತಾನೇ ಹೀನೈಸಿಕೊಳ್ಳಲೂ ಬಾರದು.

ಅರ್ಜಿಯನ್ನು ಬರೆಯಲು ಒಂದು ದಿನ ಸಾಕು. ಅದರಲ್ಲಿ ಬರೆಯತಕ್ಕ ಯೋಗ್ಯತೆಯನ್ನು ಗಳಿಸಲು ವರ್ಷಗಳೇ ಬೇಕು. ಆ ಗಳಿಕೆಯು ವಿದ್ಯಾರ್ಥಿದೆಸೆಯಲ್ಲಿಯೇ ಆರಂಭವಾಗಬೇಕು.