ತೂಬುಬೇನೆ: ಇಲ್ಲದ ರೋಗವೊಂದರ ಲೆಕ್ಕ

ಇಲ್ಲದ ರೋಗವೊಂದನ್ನು ಇದೆಯೆಂದು ಭಾವಿಸೋಣ. ಹುಕ್ಕೇರಿಯ ಸಂತೆಗೆ ಬಂದ ಅರಿವೆ ವ್ಯಾಪಾರಿಯೊಬ್ಬನಿಗೆ ಅದು ಮೊದಲು ತಗಲಿತೆಂದಿಟ್ಟುಕೊಳ್ಳೋಣ. ಜ್ವರವಿಲ್ಲ, ಕೆಮ್ಮಿಲ್ಲ, ಮೈಮೇಲೆ ಗುಳ್ಳೆಗಳಿಲ್ಲ. ಎರಡು ವಾರಗಳ ಮಟ್ಟಿಗೆ ಮೂತ್ರವನ್ನು ತಡೆದಿಟ್ಟುಕೊಳ್ಳುವ ಶಕ್ತಿಯೊಂದು ಮಾತ್ರ ಇಲ್ಲದಂತಾಗುವದು. ಆತನು ಮರುದಿನ ಗೋಕಾಕಕ್ಕೆ ಹೋಗುತ್ತಾನೆ, ಅಲ್ಲಿಂದ ಮೂಡಲಗಿಗೆ. ಹೋದಲ್ಲೆಲ್ಲ ಒಬ್ಬಿಬ್ಬರಿಗೆ ರೋಗವನ್ನು ದಾಟಿಸುತ್ತಾನೆ. ಕೆರೆಯ ತೂಬು ಸಡಿಲಾದಂತೆ ತೋರುವ ಈ ವ್ಯಾಧಿಗೆ ತೂಬುಬೇನೆಯೆಂದು ಹೆಸರಿಡೋಣ.

ನಗುವ ವಾಚಕರು ನಗಲಿ. ಘರ್ಷಣೆಯೇ ಇಲ್ಲದ ಹಲಗೆಯನ್ನೂ ತೂಕವೇ ಇಲ್ಲದ ದಾರವನ್ನೂ ಕಲ್ಪಿಸಿಕೊಂಡು ಲೆಕ್ಕ ಮಾಡುವದು ಭೌತವಿಜ್ಞಾನಿಗಳ ಹಳೆಯ ರೂಢಿ. ಅಂಥ ಹಲಗೆ ಎಲ್ಲಿಯೂ ಇಲ್ಲದಿದ್ದರೂ ಇರುವ ಹಲಗೆಗಳ ಸ್ವಭಾವವನ್ನು ಅದು ತಿಳಿಸಿಕೊಡುವದು. ಇಲ್ಲದ ರೋಗವೂ ಹಾಗೆಯೇ.

ಮೊದಲು ಯಂತ್ರವನ್ನು ನೋಡೋಣ. ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 1ರಿಂದ 2 ಲೀಟರು ಮೂತ್ರವನ್ನು ಸೋಸಿ ಕೆಳಗಿಳಿಸುತ್ತವೆ. ಅದನ್ನು ಕೂಡಿಟ್ಟುಕೊಳ್ಳುವ ಮೂತ್ರಾಶಯವು ಸ್ನಾಯುವಿನಿಂದಾದ ಒಂದು ಚೀಲ. 150ರಿಂದ 200 ಮಿಲಿಲೀಟರು ತುಂಬಿದಾಗ ಅದರ ಇರವು ನಮಗೆ ಮೊದಲು ಅರಿವಾಗುವದು. ವಯಸ್ಕರಲ್ಲಿ 400-500 ಮಿಲಿಲೀಟರುಗಳವರೆಗೆ ಅದು ಹಿಡಿಯಬಲ್ಲದು. ಇದನ್ನು ನಮ್ಮ ಹಿಡಕಲ್ ಜಲಾಶಯಕ್ಕೆ ಹೋಲಿಸಬೇಕೆಂದು ಯಾರಿಗಾದರೂ ತೋರುವದು ಸಹಜ. ಆದರೆ ಜಲಾಶಯದಲ್ಲಿ ನೀರು ಏರಿದಷ್ಟೂ ಬುಡದ ಒತ್ತಡ ಏರುವದು. ಮೂತ್ರಾಶಯದಲ್ಲಿ ಹಾಗಾಗದು. ಬರಿದಾಗಿದ್ದಾಗ ಇದ್ದ ಒತ್ತಡಕ್ಕೂ 300 ಮಿಲಿಲೀಟರು ತುಂಬಿದಾಗಿನ ಒತ್ತಡಕ್ಕೂ ಇರುವ ವ್ಯತ್ಯಾಸ ಸುಮಾರು 10 ಸೆಂಟಿಮೀಟರು ನೀರಿನ ಎತ್ತರದಷ್ಟು ಮಾತ್ರ.

ಇದಕ್ಕೆ ಕಾರಣಗಳು ಎರಡು. ಚೀಲ ಹಿಗ್ಗಿದಂತೆ ಅದರ ಸ್ನಾಯು ತಾನಾಗಿಯೇ ಸಡಿಲಗೊಳ್ಳುವದು ಒಂದು. ಇನ್ನೊಂದು, ಫ್ರಾನ್ಸಿನ ಗಣಿತಜ್ಞನಾದ ಲಾಪ್ಲಾಸನ ಹೆಸರಿನ ನಿಯಮ: ಗೋಳಾಕಾರದ ಚೀಲದ ಒಳಗಿನ ಒತ್ತಡವು ಅದರ ಗೋಡೆಯ ಎಳೆತವನ್ನು ತ್ರಿಜ್ಯದಿಂದ ಭಾಗಿಸಿದ ಪ್ರಮಾಣದಲ್ಲಿರುವದು. ಗೋಡೆಯ ಎಳೆತ ಹೆಚ್ಚಿದರೂ ಜೊತೆಗೆ ತ್ರಿಜ್ಯವೂ ಹೆಚ್ಚುವದರಿಂದ ಒತ್ತಡ ಏರುವದಿಲ್ಲ. ಜಾತ್ರೆಯಲ್ಲಿ ಕೊಂಡ ಫುಗ್ಗೆಯನ್ನು ಊದುವ ಬಾಲಕನಿಗೆ ಮೊದಲನೆಯ ಉಸಿರೇ ಕಷ್ಟ, ಆಮೇಲಿನವು ಸುಲಭ. ಅದೂ ಇದೇ ನಿಯಮದ ಆಟ.

ಈ ಚೀಲಕ್ಕೆ ಎರಡು ಬಾಗಿಲುಗಳು. ಒಳಗಿನದು ನಮ್ಮ ಇಚ್ಛೆಗೆ ಒಳಪಟ್ಟಿಲ್ಲ, ಹೊರಗಿನದು ಒಳಪಟ್ಟಿದೆ. ಬಾಗಿಲು ತೆರೆಯುವ ಅಪ್ಪಣೆ ಹೊರಡುವ ಸ್ಥಳವನ್ನು ಬ್ಯಾರಿಂಗ್ಟನ್ ಎಂಬ ಆಂಗ್ಲ ವೈದ್ಯನು 1925ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಮಿದುಳಿನ ಬುಡದಲ್ಲಿ ಗುರುತಿಸಿದನು. ಅದರ ಮೇಲೆ ಕುಳಿತು, "ಈಗ ಬೇಡ, ಸಭೆ ಮುಗಿಯಲಿ" ಎಂದು ತಡೆಯುವದು ಮುಂಮಿದುಳು. ಹುಟ್ಟಿದ ಕೂಸಿಗೆ ಈ ತಡೆ ಇರುವದಿಲ್ಲ. ಮೂರು ನಾಲ್ಕು ವರ್ಷಗಳಲ್ಲಿ ಅದು ಕಲಿತುಕೊಳ್ಳುವದು. ಹೀಗೆ ನಮ್ಮ ತೂಬುಬೇನೆಯು ಚೀಲದ ಗೋಡೆಯನ್ನು ಹಿಡಿಯಬಹುದು, ಬಾಗಿಲನ್ನು ಹಿಡಿಯಬಹುದು, ಬೆನ್ನುಹುರಿಯೆಂಬ ತಂತಿಯನ್ನು ಹಿಡಿಯಬಹುದು, ಇಲ್ಲವೇ ಅಪ್ಪಣೆ ಕೊಡುವ ಕಚೇರಿಯನ್ನೇ ಹಿಡಿಯಬಹುದು.

ಇಲ್ಲೊಂದು ಮಾತನ್ನು ಹೇಳಿ ಮುಂದೆ ಹೋಗುವೆನು. ಅಮೇರಿಕೆಯ ಪೆಟ್ರೀಷಿಯಾ ಯಾಂಗ್ ಮತ್ತು ಡೇವಿಡ್ ಹು ಎಂಬವರು ತಮ್ಮ ಸಂಗಡಿಗರೊಡನೆ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 3 ಕಿಲೋಗ್ರಾಮಿಗಿಂತ ಹೆಚ್ಚು ತೂಕದ ಸಸ್ತನಿಗಳೆಲ್ಲ ಮೂತ್ರಾಶಯವನ್ನು ಬರಿದುಮಾಡಲು ತೆಗೆದುಕೊಳ್ಳುವ ಕಾಲ ಸರಾಸರಿ 21 ಸೆಕೆಂಡು. ಆನೆಯ ಮೂತ್ರಾಶಯ 18 ಲೀಟರಿನದು. ಆದರೆ ಅದರ ಮೂತ್ರನಾಳ ಒಂದು ಮೀಟರು ಉದ್ದದ್ದೂ ಅಗಲವಾದದ್ದೂ ಆಗಿರುವದರಿಂದ ಭೂಮಿಯ ಗುರುತ್ವಾಕರ್ಷಣೆಯೇ ಮೂತ್ರಕ್ಕೆ ಹೆಚ್ಚಿನ ವೇಗ ಕೊಡುವದು. ಗೋಕಾಕ ಜಲಪಾತದ ಎತ್ತರದಿಂದ 1887ರಲ್ಲಿಯೇ ಗಿರಣಿ ನಡೆಸಿದ ಊರಿನವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ರೋಗಾಣುವಿನ ವಿಷಯ. ಚೀಲದ ಗೋಡೆಯನ್ನು ಹಿಡಿಯುವ ಅಂಟುರೋಗ ನಿಜವಾಗಿಯೂ ಜಗತ್ತಿನಲ್ಲಿದೆ. ಥಿಯೋಡರ್ ಬಿಲ್‌ಹಾರ್ಜ್ ಎಂಬ ಜರ್ಮನ್ ವೈದ್ಯನು 1851ರಲ್ಲಿ ಕೈರೋ ನಗರದಲ್ಲಿ ಅದರ ಹುಳುವನ್ನು ಕಂಡುಹಿಡಿದನು. ರೋಗಿಯ ಮೂತ್ರದಲ್ಲಿ ಹೊರಬಿದ್ದ ಮೊಟ್ಟೆ ನೀರಿನಲ್ಲಿ ಒಡೆದು, ಮರಿ ಬಸವನಹುಳುವಿನೊಳಗೆ ಸೇರಿ, ಅಲ್ಲಿ ಸಾವಿರಗಟ್ಟಲೆಯಾಗಿ ಬೆಳೆದು ಹೊರಬಂದು, ಕಾಲುವೆಯಲ್ಲಿ ಕಾಲಿಟ್ಟವರ ಚರ್ಮವನ್ನು ಕೊರೆದು ಒಳಹೊಗುವದು. ಕೊನೆಗೆ ಮೂತ್ರಾಶಯದ ಸುತ್ತಲಿನ ರಕ್ತನಾಳಗಳಲ್ಲಿ ಮನೆಮಾಡಿ ಇಡುವ ಮೊಟ್ಟೆಗಳು ಗೋಡೆಯಲ್ಲಿ ಸಿಕ್ಕಿಕೊಂಡು, ಗೋಡೆ ಗಡುಸಾಗಿ, ಮೂತ್ರದಲ್ಲಿ ರಕ್ತ ಕಾಣುವದು. ಈಜಿಪ್ತದ ಮೂರು ಸಾವಿರ ವರ್ಷ ಹಳೆಯ ಶವಗಳಲ್ಲಿಯೂ ಈ ಮೊಟ್ಟೆಗಳನ್ನು 1910ರಲ್ಲಿ ಗುರುತಿಸಲಾಯಿತು. ನಮಗೇನು ಅದರ ಗೊಡವೆ ಎನ್ನುವಂತಿಲ್ಲ. ನಮ್ಮ ಸಹ್ಯಾದ್ರಿಯ ಆಚೆ ಮಗ್ಗುಲಿಗೆ, ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ, ಇದೇ ಬಗೆಯ ರೋಗ ಕಂಡುಬಂದುದನ್ನು ಗಾಡಗೀಳ ಮತ್ತು ಶಹಾ ಎಂಬ ವೈದ್ಯರು 1952ರಲ್ಲಿ ವರದಿಮಾಡಿದರು. ಅದು ಅಲ್ಲಿಂದ ಹಬ್ಬಲಿಲ್ಲ. ಧೂಪದಾಳದ ಕಾಲುವೆಯಲ್ಲಿ ನೀರಿದೆ, ಬಸವನಹುಳುಗಳಿವೆ, ಜನರಿದ್ದಾರೆ. ಆದರೆ ಆಫ್ರಿಕೆಯಲ್ಲಿ ಈ ಹುಳುವಿಗೆ ಆಶ್ರಯ ಕೊಡುವ ಜಾತಿಯ ಬಸವನಹುಳು ನಮ್ಮಲ್ಲಿಲ್ಲ. ಸರಪಳಿಯ ಒಂದು ಕೊಂಡಿ ಇಲ್ಲದಿದ್ದರೆ ಉಳಿದವೆಲ್ಲ ಇದ್ದೂ ವ್ಯರ್ಥ.

ತಂತಿಯನ್ನು ಹಿಡಿಯುವ ವೈರಸ್ಸೂ ಒಂದಿದೆ. 1980ರಲ್ಲಿ ಗುರುತಿಸಲ್ಪಟ್ಟ ಎಚ್.ಟಿ.ಎಲ್.ವಿ.-1 ಎಂಬ ಅದು ಜಪಾನಿನ ನೈರುತ್ಯ ಭಾಗದಲ್ಲಿಯೂ ಕೆರಿಬಿಯನ್ ದ್ವೀಪಗಳಲ್ಲಿಯೂ ಹೆಚ್ಚು. ತಾಯಿಯ ಹಾಲು, ರಕ್ತ, ದಾಂಪತ್ಯ ಸಂಬಂಧಗಳ ಮೂಲಕ ದಾಟುವ ಅದು ನೂರರಲ್ಲಿ ಕೆಲವೇ ಜನರ ಬೆನ್ನುಹುರಿಯನ್ನು ಕೆಡಿಸುತ್ತದೆ. ಅವರಲ್ಲಿ ಮೂತ್ರದ ತೊಂದರೆ ಹಲವೊಮ್ಮೆ ಮೊದಲನೆಯ ಲಕ್ಷಣವಾಗಿರುವದು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ವ್ಯಾಪಾರಿಯೂ ಅವನಿಂದ ರೋಗ ಪಡೆದವರೂ ತಲಾ ಇಬ್ಬರಿಗೆ ರೋಗ ಕೊಟ್ಟರೆ ಹತ್ತನೆಯ ತಲೆಮಾರಿನಲ್ಲಿ ಹೊಸ ರೋಗಿಗಳ ಸಂಖ್ಯೆ 1024. ಇಪ್ಪತ್ತನೆಯದರಲ್ಲಿ ಹತ್ತು ಲಕ್ಷವನ್ನು ಮೀರಬೇಕು! ಆದರೆ ವಾಸ್ತವದಲ್ಲಿ ಹಾಗಾಗದು. ರೋಗಿಯು ಭೇಟಿಯಾಗುವವರಲ್ಲಿ ಈಗಾಗಲೇ ರೋಗ ಬಂದು ಹೋದವರ ಪಾಲು ಬೆಳೆಯುತ್ತಾ ಹೋಗುವದರಿಂದ ಬೆಂಕಿಗೆ ಸೌದೆ ಸಾಲದಾಗುತ್ತದೆ. ಇದನ್ನು ಸಮೀಕರಣಕ್ಕಿಳಿಸಿದವರು ಎಡಿನ್‌ಬರೋದ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್, 1927ರಲ್ಲಿ. ಕೆರ್ಮ್ಯಾಕನು ರಸಾಯನಜ್ಞ, 1924ರಲ್ಲಿ ಪ್ರಯೋಗಶಾಲೆಯ ಅಪಘಾತದಲ್ಲಿ ಎರಡೂ ಕಣ್ಣು ಕಳೆದುಕೊಂಡ ಆತನು ಗಣಿತವನ್ನೆಲ್ಲ ಮನಸ್ಸಿನಲ್ಲಿಯೇ ನಡೆಸಬೇಕಾಗಿತ್ತು. ಮೆಕೆಂಡ್ರಿಕನು ಭಾರತದಲ್ಲಿ ವೈದ್ಯಾಧಿಕಾರಿಯಾಗಿದ್ದವನು, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವನು. 1905-06ರ ಮುಂಬಯಿ ಪ್ಲೇಗಿನ ವಾರವಾರದ ಸಾವುಗಳೊಡನೆ ಅವರು ತಮ್ಮ ಸೂತ್ರವನ್ನು ಹೋಲಿಸಿ ನೋಡಿದರು. (ಪ್ಲೇಗು ಇಲಿಗಳ ಚಿಗಟದಿಂದ ಬರುವ ರೋಗವಾದ್ದರಿಂದ ಆ ಹೊಂದಿಕೆಯನ್ನು ಅತಿಯಾಗಿ ನಂಬಬಾರದೆಂದು ನನಗೆ ತೋರುತ್ತದೆ.) ಸೂತ್ರದ ಪ್ರಕಾರ, ಒಬ್ಬನಿಂದ ಇಬ್ಬರಿಗೆ ಹಬ್ಬುವ ರೋಗವನ್ನು ಯಾರೂ ತಡೆಯದೆ ಬಿಟ್ಟರೆ ಒಂದು ಲಕ್ಷ ಜನರಲ್ಲಿ ಸುಮಾರು 80,000 ಜನರಿಗೆ ತಗಲಿ ತಾನಾಗಿ ನಿಲ್ಲುವದು. ಒಬ್ಬನಿಂದ ಸರಾಸರಿ ಒಂದೂವರೆ ಜನರಿಗಾದರೆ 58,000. ಒಬ್ಬನಿಗಿಂತ ಕಡಿಮೆಯಾದರೆ ರೋಗ ಹುಕ್ಕೇರಿ ತಾಲೂಕಿನ ಗಡಿಯನ್ನೂ ದಾಟಲಾರದೆ ಅಳಿಯುವದು.

ಆದರೆ ತೂಬುಬೇನೆಗೆ ಪ್ಲೇಗಿಗಿಲ್ಲದ ಒಂದು ತೊಡಕು ಇದೆ: ಲೆಕ್ಕಕ್ಕೆ ರೋಗಿಗಳು ಸಿಕ್ಕಬೇಕಲ್ಲ? 1926ರಲ್ಲಿ ಮೆಕೆಂಡ್ರಿಕನು ಭಾರತದ ಹಳ್ಳಿಯೊಂದರ ಕಾಲರಾ ಅಂಕಿಗಳನ್ನು ಪರಿಶೀಲಿಸಿದ್ದನು. 223 ಮನೆಗಳಲ್ಲಿ 168ರಲ್ಲಿ ರೋಗಿಗಳೇ ಇಲ್ಲ; 32ರಲ್ಲಿ ಒಬ್ಬೊಬ್ಬರು, 16ರಲ್ಲಿ ಇಬ್ಬಿಬ್ಬರು, 6ರಲ್ಲಿ ಮೂವರು, ಒಂದು ಮನೆಯಲ್ಲಿ ನಾಲ್ವರು. ರೋಗ ಎಲ್ಲ ಮನೆಗಳಿಗೂ ಸಮಾನವಾಗಿ ಎರಗಿದ್ದರೆ ಇಷ್ಟೊಂದು ಸೊನ್ನೆಗಳು ಬರಲಾರವು. ಇಬ್ಬರು ಮೂವರು ರೋಗಿಗಳಿದ್ದ ಮನೆಗಳ ಪ್ರಮಾಣದಿಂದ ಹಿಂದಕ್ಕೆ ಲೆಕ್ಕ ಹಾಕಿ, ಅಪಾಯಕ್ಕೆ ಒಳಗಾದ ಮನೆಗಳು ಸುಮಾರು 93 ಮಾತ್ರ, ಬಹುಶಃ ಅವು ಒಂದೇ ಕೆಟ್ಟ ಬಾವಿಯ ನೀರು ಕುಡಿದವು ಎಂದು ಆತನು ಊಹಿಸಿದನು. ಅಂದರೆ 168 ಸೊನ್ನೆಗಳು ಎರಡು ಜಾತಿಯವು: ಬಾವಿಯಿಂದ ದೂರವಿದ್ದ ಮನೆಗಳು, ಮತ್ತು ಆ ನೀರು ಕುಡಿದೂ ಪಾರಾದ ಮನೆಗಳು.

ನಮ್ಮ ರೋಗಕ್ಕೆ ಮೂರನೆಯ ಜಾತಿಯ ಸೊನ್ನೆಯೊಂದು ಸೇರುವದು: ರೋಗಿ ಇದ್ದೂ ಇಲ್ಲವೆಂದು ಹೇಳಿದ ಮನೆ. ಕಾಲರಾವನ್ನು ಮುಚ್ಚಿಡಲಾಗದು, ಇದನ್ನು ಮುಚ್ಚಿಡಬಹುದು. ಮುಚ್ಚಿಡುವದು ಈಗಲೂ ನಡೆದೇ ಇದೆ. ಹೆರಿಗೆಗಳಿಂದ ಕೆಳಹೊಟ್ಟೆಯ ಸ್ನಾಯು ಸಡಿಲಾಗಿ, ಕೆಮ್ಮಿದರೆ, ಹೊರೆ ಎತ್ತಿದರೆ ಮೂತ್ರ ಸೋರುವ ಹೆಂಗಸರು ಪ್ರತಿಯೊಂದು ಓಣಿಯಲ್ಲಿಯೂ ಇದ್ದಾರೆ. ಪ್ರಾಸ್ಟೇಟ್ ಗ್ರಂಥಿ ಬೆಳೆದ ಮುದುಕರಿದ್ದಾರೆ. ಮಧುಮೇಹದಿಂದ ನರ ಕೆಟ್ಟವರಿದ್ದಾರೆ. ಇವು ಯಾವುವೂ ಅಂಟುರೋಗಗಳಲ್ಲ. ಆದರೂ ಸೊಸೆ ಅತ್ತೆಗೆ ಹೇಳುವದಿಲ್ಲ, ಅತ್ತೆ ಮಗನಿಗೆ ಹೇಳುವದಿಲ್ಲ. ಮೂಡಲಗಿಯ ಸುತ್ತಿನ ಕಬ್ಬಿನ ಹೊಲದಲ್ಲಿ ದಿನವಿಡೀ ದುಡಿಯುವ ಹೆಣ್ಣುಮಗಳು ಮರೆ ಸಿಕ್ಕದೆಂದು ನೀರನ್ನೇ ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಉರಿಯುವದು; ಕರುಳಿನ ಬ್ಯಾಕ್ಟೀರಿಯಗಳಿಗೆ ಬೀಡು ಬಿಡಲು ಅನುಕೂಲವಾಗುವದು. ಸಡಿಲಾದ ಸ್ನಾಯುವಿಗೆ ಮಾತ್ರೆ ಬೇಡದ ಉಪಾಯವೊಂದನ್ನು ಅರ್ನಾಲ್ಡ್ ಕೀಗಲ್ ಎಂಬ ಅಮೇರಿಕದ ವೈದ್ಯನು 1948ರಲ್ಲಿಯೇ ಹೇಳಿಕೊಟ್ಟನು: ಮೂತ್ರವನ್ನು ತಡೆಯುವ ಸ್ನಾಯುವನ್ನು ಗುರುತಿಸಿ, ದಿನಾಲು ಹಲವು ಸಲ ಕೆಲವು ಸೆಕೆಂಡು ಬಿಗಿಹಿಡಿದು ಬಿಡುವದು. ಕೆಲವು ತಿಂಗಳು ಬಿಡದೆ ಮಾಡಿದರೆ ಬಹಳ ಜನರಿಗೆ ಗುಣ ಕಾಣುವದು.

ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ಹೊರಗೆ ಹೋಗಲು ಕೇಳಿದರೆ ಹಿಂದಿನಿಂದ ಮೂವರು ಏಳುವದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಜಪಾನಿನ ಕುಮಾಮೊಟೊ ಅಭಯಧಾಮದ 20 ಚಿಂಪಾಂಜಿಗಳನ್ನು 600 ಗಂಟೆಗಳಿಗೂ ಹೆಚ್ಚು ಕಾಲ ಗಮನಿಸಿ ಕ್ಯೋಟೋ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದು ಮೂತ್ರ ಮಾಡಿದರೆ ಹತ್ತಿರದಲ್ಲಿರುವವೂ ಮಾಡುತ್ತವೆಂದು ತೋರಿಸಿದೆ; ಗುಂಪಿನಲ್ಲಿ ಕೆಳದರ್ಜೆಯವು ಇದಕ್ಕೆ ಹೆಚ್ಚು ಒಳಗಾಗುತ್ತವೆ. ಹೀಗೆ ಆಕಳಿಕೆಯಂತೆ ಮೂತ್ರದ ಒತ್ತರವೂ ಅಂಟಬಲ್ಲದು, ರೋಗಾಣುವಿಲ್ಲದೆಯೇ.

ಕಡೆಗೆ, ನಮ್ಮ ಕಲ್ಪನೆಗೆ ಅತಿ ಸಮೀಪದ ನಿಜವಾದ ರೋಗ ಈ ಮೂರು ತಾಲೂಕುಗಳಿಗೂ ಹೊಸದಲ್ಲ. ಅದು ಕ್ಷಯ. ಗಾಳಿಯಿಂದ ಹಬ್ಬುವ, ಕೋಖನು 1882ರಲ್ಲಿ ಕಂಡ ಈ ರೋಗಾಣು ಪುಪ್ಪುಸದಲ್ಲಿಯೇ ನಿಲ್ಲಬೇಕೆಂದಿಲ್ಲ. ಬೆನ್ನೆಲುಬಿಗೆ ಹೋದರೆ ಬೆನ್ನುಹುರಿಯನ್ನು ಒತ್ತಿ ಕಾಲಿನ ಜೊತೆಗೆ ಮೂತ್ರದ ಹಿಡಿತವನ್ನೂ ಕಸಿಯಬಲ್ಲದು. ಮೂತ್ರಪಿಂಡಕ್ಕೆ ಹೋದರೆ ಅಲ್ಲಿಂದ ಮೂತ್ರಾಶಯಕ್ಕೆ ಇಳಿಯುವದು. ಅಂಥ ರೋಗಿ ಗಂಟೆಗೆ ಹಲವು ಸಲ, ರಾತ್ರಿಯೂ, ಏಳುತ್ತಾನೆ. ಮೂತ್ರದಲ್ಲಿ ಕೀವಿನ ಕಣಗಳು ಕಾಣುತ್ತವೆ, ಆದರೆ ಸಾಮಾನ್ಯ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯ ಬೆಳೆಯುವದಿಲ್ಲ. ಕರುಳಿನ ಬ್ಯಾಕ್ಟೀರಿಯವು 20 ನಿಮಿಷಕ್ಕೊಮ್ಮೆ ಎರಡಾದರೆ ಕ್ಷಯದ್ದು ಎರಡಾಗಲು ಸುಮಾರು 20 ಗಂಟೆಗಳು ಬೇಕು. ಎರಡು ದಿನ ಕಾದು ನೋಡುವ ಪರೀಕ್ಷೆಗೆ ಅದು ಸಿಕ್ಕುವದು ಹೇಗೆ? ಕ್ಷಯಕ್ಕೆಂದೇ ಬೇರೆ ಪರೀಕ್ಷೆ ಮಾಡಬೇಕು. ರೋಗಾಣುವಿನ ಆನುವಂಶಿಕ ವಸ್ತುವನ್ನು ಹುಡುಕುವ ಇಂದಿನ ಯಂತ್ರವು ಸುಮಾರು ಎರಡು ಗಂಟೆಗಳಲ್ಲಿ ಉತ್ತರ ಕೊಡುವದು. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ, ಸಾಮಾನ್ಯವಾಗಿ ಆರು ತಿಂಗಳದ್ದು. ತಡವಾದರೆ ಮೂತ್ರಾಶಯದ ಗೋಡೆ ಗಾಯದ ಕಲೆಯಂತೆ ಕುಗ್ಗಿ ಗಟ್ಟಿಯಾಗುತ್ತದೆ. ವೈದ್ಯರು ಅದನ್ನು ಸಿಂಪಿಗರು ಬೆರಳಿಗೆ ಹಾಕಿಕೊಳ್ಳುವ ಟೊಪ್ಪಿಗೆಗೆ ಹೋಲಿಸುತ್ತಾರೆ. ತೂಬು ನೆಟ್ಟಗಿದ್ದೂ ಕೆರೆಯೇ ಚಿಕ್ಕದಾದ ಸ್ಥಿತಿ ಅದು. ಆಗ ರೋಗಾಣು ಸತ್ತರೂ ಚೀಲ ಮತ್ತೆ ಹಿಗ್ಗದು. ಶಸ್ತ್ರವೈದ್ಯರು ರೋಗಿಯ ಕರುಳಿನದೇ ಒಂದು ತುಂಡನ್ನು ಕತ್ತರಿಸಿ ಅದಕ್ಕೆ ಹೊಲಿದು ದೊಡ್ಡದು ಮಾಡಬೇಕಾಗುವದು.